ಒಂದು ಆಟ, ಎರಡು ಹಾಳಿ

ಆ ವರ್ಷ ಕೃಷ್ಣೆಗೆ ಮಹಾಪೂರ ಬಂದದ್ದು ಫುಟ್‌ಬಾಲ್ ಆಟಗಳು ಮುಕ್ಕಾಲು ಪಾಲು ಮುಗಿದ ಮೇಲೆ. ದೇವದುರ್ಗದ ಕಡೆ ಗೂಗಲ್ ಎಂಬ ಹಳ್ಳಿ ಮತ್ತು ಸುತ್ತಲಿನ ದಂಡೆಯ ಊರುಗಳ ಜನರನ್ನು ಶಾಲೆಗಳಿಗೆ ಸಾಗಿಸಿದರು. ಶಾಲೆಯ ಮೈದಾನದಲ್ಲಿ ಗೋಲಿನ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಹೆಣ್ಣುಮಕ್ಕಳು ಸೀರೆ ಒಣಹಾಕಿದರು. ಆಡಬೇಕಾದ ಹುಡುಗರೇ ಜೋಳದ ಚೀಲ ಹೊತ್ತು ಓಡಾಡುತ್ತಿದ್ದರು. ಜಿಲ್ಲೆಯ ಫುಟ್‌ಬಾಲ್ ಸಂಘದವರು ಆಟ ನಿಲ್ಲಿಸಿದರು. ನೀರು ಇಳಿದ ಮೇಲೂ ಮತ್ತೆ ಶುರುವಾಗಲಿಲ್ಲ. ಅಷ್ಟರಲ್ಲಿ ಮುಂದಿನ ವರ್ಷದ ತಂಡಗಳ ಪಟ್ಟಿಯನ್ನು ರಾಜ್ಯದ ಸಂಘಕ್ಕೆ ಕಳಿಸುವ ದಿನ ಹತ್ತಿರ ಬಂದಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ರಾಯಚೂರಿನಲ್ಲಿ ಆ ಸಂಘದ ದಫ್ತರದ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನ ಯಜಮಾನರದು, ಅಂದರೆ ನಿಮ್ಮ ಅಜ್ಜನದಾಗಿತ್ತು. ಅವರು ತೀರಿಕೊಂಡ ಮೇಲೆ, ನನ್ನ ಅಕ್ಷರ ದುಂಡಗಿದೆ ಎಂದು ಕಾರ್ಯದರ್ಶಿಗಳು ಅದೇ ಕುರ್ಚಿಯ ಮೇಲೆ ನನ್ನನ್ನು ಕೂಡಿಸಿದರು. ಕಾಯಂ ಕೆಲಸವಲ್ಲ, ಬೇಡ ಎಂದ ದಿನ ಎದ್ದು ಬರಬೇಕು. ಜಾಲಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು ನಾನು. ಗಂಡಸರು ತುಂಬಿದ ಕೋಣೆಯಲ್ಲಿ ‘ಹೌದ್ರಿ’, ‘ಇಲ್ಲರಿ’ ಎಂಬ ಎರಡು ಮಾತಿನಲ್ಲೇ ಮೂರು ವರ್ಷ ಕಳೆದಿದ್ದೆ. ಆ ಮೂರು ವರ್ಷವೂ ಎಲ್ಲ ಆಟಗಳ ಫಲಿತಾಂಶ ಬರೆದಿಟ್ಟವಳು ಒಂದು ಆಟವನ್ನೂ ಕಣ್ಣಿಂದ ನೋಡಿರಲಿಲ್ಲ. ಮೈದಾನಕ್ಕೆ ಹೆಂಗಸರು ಹೋಗುತ್ತಿರಲಿಲ್ಲ.

ನಮ್ಮಲ್ಲಿ ಎರಡು ದರ್ಜೆಗಳಿದ್ದವು, ಒಂದೊಂದರಲ್ಲಿ ಆರು ತಂಡ. ಪ್ರತಿ ತಂಡವೂ ಉಳಿದ ಐದರ ಜೊತೆ ಒಂದೊಂದು ಸಲ ಆಡಬೇಕು. ಗೆದ್ದರೆ ಎರಡು ಪಾಯಿಂಟ್, ಸಮವಾದರೆ ಒಂದು. ಎರಡನೇ ದರ್ಜೆಯಲ್ಲಿ ಮೊದಲು ಬಂದವರು ಮೇಲೆ ಹತ್ತಬೇಕು, ಮೊದಲ ದರ್ಜೆಯಲ್ಲಿ ಕೊನೆಗೆ ಉಳಿದವರು ಕೆಳಗೆ ಇಳಿಯಬೇಕು. ಹತ್ತುವುದೆಂದರೆ ಬರೀ ಹೆಸರಿನ ಮಾತಲ್ಲ. ಜಿಲ್ಲೆಯ ತಂಡದ ಆಯ್ಕೆಗೆ ಮೊದಲ ದರ್ಜೆಯ ಆಟಗಾರರನ್ನಷ್ಟೇ ಕರೆಯುತ್ತಿದ್ದರು. ಜಿಲ್ಲೆಗೆ ಆಡಿದವನ ಸರ್ಟಿಫಿಕೇಟಿಗೆ ಪೊಲೀಸ್ ಭರ್ತಿಯಲ್ಲಿ, ರೈಲ್ವೆಯಲ್ಲಿ ಬೆಲೆಯಿತ್ತು.

ನೀರು ಬಂದಾಗ ಎರಡನೇ ದರ್ಜೆಯಲ್ಲಿ ದೇವದುರ್ಗದವರು ನಾಲ್ಕು ಆಟಕ್ಕೆ ಏಳು ಪಾಯಿಂಟ್ ಗಳಿಸಿದ್ದರು, ಮಾನ್ವಿಯವರು ನಾಲ್ಕು ಆಟಕ್ಕೆ ಆರು. ಉಳಿದದ್ದು ಅವರಿಬ್ಬರ ನಡುವಿನ ಆಟ ಒಂದೇ. ಅದು ಮಾನ್ವಿಯಲ್ಲಿ, ಸಂಘದವರು ಆಟ ನಿಲ್ಲಿಸುವ ಮೊದಲಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗೊತ್ತಾಗಿತ್ತು. ತಂಟೆ ಹುಟ್ಟಿದ್ದು ಅಲ್ಲಿ.

ಪ್ರತಿ ಆಟಕ್ಕೂ ಒಂದು ಹಾಳಿ ಇರುತ್ತಿತ್ತು. ಆಡಿದವರ ಹೆಸರು, ಅಂಗಿಯ ನಂಬರು, ಶುರುವಾದ ಹೊತ್ತು, ಯಾರು ಎಷ್ಟು ಗೋಲು, ಕೆಳಗೆ ರೆಫರಿಯ ಸಹಿ, ಎರಡೂ ಕ್ಯಾಪ್ಟನ್‌ಗಳ ಸಹಿ. ಅದು ದಫ್ತರಕ್ಕೆ ಬಂದ ಮೇಲೆ ನಾನು ದೊಡ್ಡ ರಿಜಿಸ್ಟರಿಗೆ ಇಳಿಸಬೇಕು. ಮಾನ್ವಿಯ ಆ ಆಟಕ್ಕೆ ನನ್ನ ಕೈಗೆ ಎರಡು ಹಾಳಿ ಬಂದವು.

ಮೊದಲನೆಯದನ್ನು ರೆಫರಿಯೇ ತಂದುಕೊಟ್ಟರು. ಅವರು ರಾಯಚೂರಿನ ಅಂಚೆ ಇಲಾಖೆಯವರು, ಕಟ್ಟುನಿಟ್ಟಿನ ಮನುಷ್ಯ. ದೇವದುರ್ಗದವರು ಬರಲಿಲ್ಲ. ನಿಯಮದಂತೆ ಅರ್ಧ ತಾಸು ಕಾದು ಸೀಟಿ ಊದಿದರು. ಮಾನ್ವಿಯ ಹುಡುಗ ಒಬ್ಬ ಚೆಂಡನ್ನು ಖಾಲಿ ಗೋಲಿಗೆ ಒದ್ದ. ‘ಎದುರಾಳಿ ಬಂದಿಲ್ಲ’ ಎಂದು ಬರೆದು ಸಹಿ ಮಾಡಿ ರೆಫರಿ ಮಧ್ಯಾಹ್ನದ ಬಸ್ಸು ಹಿಡಿದರು. ನಿಯಮದ ಪ್ರಕಾರ ಮಾನ್ವಿಗೆ ಎರಡು ಪಾಯಿಂಟ್. ಆರು ಇದ್ದದ್ದು ಎಂಟಾಯಿತು. ನಾನು ಹಾಗೆಯೇ ರಿಜಿಸ್ಟರಿಗೆ ಇಳಿಸಿದೆ.

ಎಂಟು ದಿನದ ಮೇಲೆ ಟಪಾಲಿನಲ್ಲಿ ಎರಡನೆಯ ಹಾಳಿ ಬಂತು. ಕಳಿಸಿದವನು ಮಾನ್ವಿಯ ಕ್ಯಾಪ್ಟನ್. ಸಿರವಾರದ ಈಚೆ ಹಳ್ಳ ತುಂಬಿ ದೇವದುರ್ಗದ ಹುಡುಗರ ಬಸ್ಸು ಆಚೆಯ ದಂಡೆಯಲ್ಲಿ ನಿಂತಿತ್ತು. ನೀರು ತುಸು ಇಳಿದ ಮೇಲೆ ಅವರು ಹಗ್ಗ ಹಿಡಿದು ದಾಟಿ, ಒಂದಷ್ಟು ದೂರ ನಡೆದು, ಒಂದಷ್ಟು ದೂರ ಟ್ರ್ಯಾಕ್ಟರ್ ಹತ್ತಿ ಮಧ್ಯಾಹ್ನ ಎರಡಕ್ಕೆ ಮಾನ್ವಿ ಮುಟ್ಟಿದ್ದರು. ಮಾನ್ವಿಯ ಹುಡುಗರು ಅವರಿಗೆ ರೊಟ್ಟಿ ಉಣಿಸಿ, ನಾಲ್ಕಕ್ಕೆ ಆಟ ಹೂಡಿದ್ದರು. ಸೀಟಿ ಊದಿದವರು ಶಾಲೆಯ ಡ್ರಿಲ್ ಮಾಸ್ತರರು. ದೇವದುರ್ಗ ಎರಡು, ಮಾನ್ವಿ ಒಂದು. ಇಬ್ಬರೂ ಕ್ಯಾಪ್ಟನ್‌ಗಳ ಸಹಿ ಇತ್ತು. ರೆಫರಿಯ ಜಾಗದಲ್ಲಿ ಮಾಸ್ತರರು ‘ರೆಫರಿ ಸಾಹೇಬರು ಬಸ್ಸಿಗೆ ಹೋಗಿದ್ದರಿಂದ ಸೀಟಿ ಊದಿದವನು ನಾನು’ ಎಂದು ಬರೆದು ತಮ್ಮ ಸಹಿ ಹಾಕಿದ್ದರು. ಸೋತ ಕ್ಯಾಪ್ಟನ್ನೇ ಸೋಲಿನ ಹಾಳಿಯನ್ನು ಅಂಚೆಚೀಟಿ ಹಚ್ಚಿ ಕಳಿಸಿದ್ದ.

ರೆಫರಿಯ ಸಹಿ ಇಲ್ಲದ ಹಾಳಿಯನ್ನು ರಿಜಿಸ್ಟರಿಗೆ ಇಳಿಸಬಾರದು, ಬೇರೆ ಕಟ್ಟಿನಲ್ಲಿಟ್ಟು ಕಾರ್ಯದರ್ಶಿಗಳಿಗೆ ತಿಳಿಸಬೇಕು. ಕಟ್ಟಿನಲ್ಲಿ ಇಟ್ಟೆ. ತಿಳಿಸಲಿಲ್ಲ. ಮರೆತೆ ಎಂದು ನಿಮಗೆ ಹೇಳಿದರೆ ಸುಳ್ಳಾದೀತು. ನಾನು ದೇವದುರ್ಗ ತಾಲೂಕಿನವಳು. ದೇವದುರ್ಗಕ್ಕೆ ಅನುಕೂಲವಾಗುವ ಕಾಗದವನ್ನು ನಾನೇ ಹಿಡಿದು ಹೋದರೆ ಏನಂದಾರು ಎಂದು ಅಂಜಿದೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಕಾರ್ಯದರ್ಶಿಗಳು ನದಿ ದಂಡೆಯ ಊರುಗಳಿಗೆ ಪರಿಹಾರದ ಕೆಲಸಕ್ಕೆ ಹೋದರು. ಅವರು ತಿರುಗಿ ಬರುವ ಹೊತ್ತಿಗೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಸೇರಿಕೊಂಡು ಹೇಳುವುದು ಮತ್ತಷ್ಟು ಕಷ್ಟವಾಗಿತ್ತು. ಹೀಗೆ ಎರಡು ತಿಂಗಳಾಯಿತು.

ತೀರ್ಮಾನದ ಸಭೆ ಸೇರಿತು. ಅಧ್ಯಕ್ಷರು ಅಕ್ಕಿ ಗಿರಣಿಯ ಮಾಲಕರು. ಅವರ ಗಿರಣಿಯದೇ ಒಂದು ತಂಡ ಮೊದಲ ದರ್ಜೆಯಲ್ಲಿತ್ತು, ಅದೂ ಕಟ್ಟಕಡೆಗೆ. ಅವರ ಪಕ್ಕ ನಮ್ಮ ಕಾರ್ಯದರ್ಶಿಗಳು, ನಿವೃತ್ತ ಹೆಡ್‌ಮಾಸ್ತರು. ಕೆಲವು ಸದಸ್ಯರು ಮತ್ತು ರೆಫರಿ. ಮಾನ್ವಿಯಿಂದ ಅವರ ತಂಡದ ಮ್ಯಾನೇಜರು, ಬಟ್ಟೆ ಅಂಗಡಿಯವರು. ದೇವದುರ್ಗದವರಿಗೆ ಮ್ಯಾನೇಜರು ಎಂಬವರೇ ಇರಲಿಲ್ಲ. ಕ್ಯಾಪ್ಟನ್ ತಾನೇ ಬಂದಿದ್ದ. ರಸ್ತೆ ಕೆಲಸದ ಕೂಲಿಯವರ ಮಗ, ಒಗೆದು ಒಗೆದು ಬಣ್ಣ ಹೋದ ಅಂಗಿ.

ಅಧ್ಯಕ್ಷರು ಮೊದಲೇ ದಾರಿ ಹುಡುಕಿಕೊಂಡು ಬಂದಿದ್ದರು. “ನೋಡ್ರಿ, ದೇವರ ಆಟದ ಮುಂದ ನಮ್ಮ ಆಟ ಏನು? ಈ ವರ್ಷ ಆಟನ ಆಗಿಲ್ಲ ಅಂತ ಬರದು ಮುಗಸೋಣು. ಯಾರೂ ಹತ್ತೋದು ಬ್ಯಾಡ, ಯಾರೂ ಇಳಿಯೋದು ಬ್ಯಾಡ.”

ಮಾನ್ವಿಯ ಮ್ಯಾನೇಜರು ಒಪ್ಪಲಿಲ್ಲ. “ಹತ್ತೋದು ಯಾಕ ಬ್ಯಾಡ್ರಿ ಸಾಹೇಬ್ರ? ರಿಜಿಸ್ಟರ್ ತಗದು ನೋಡ್ರಿ. ಮಾನ್ವಿ ಎಂಟು, ದೇವದುರ್ಗ ಏಳು. ಇಳಿಯೋರ ಮಾತು ನೀವು ನೋಡ್ಕೊರ್ರಿ, ಹತ್ತೋರು ನಾವು ತಯಾರಾಗಿ ನಿಂತೀವಿ.”

ದೇವದುರ್ಗದ ಕ್ಯಾಪ್ಟನ್ ಎದ್ದು ನಿಂತ. “ಮಾನ್ವಿಗೆ ಹೋಗಿ ಆಡೀವ್ರಿ. ಗೆದ್ದೀವಿ.”

“ಬಂದಿದ್ದು ಖರೆ,” ಎಂದರು ಮ್ಯಾನೇಜರು. “ನಮ್ಮ ಹುಡುಗ್ರು ರೊಟ್ಟಿ ಉಣಿಸಿದ್ದೂ ಖರೆ. ಊಟಕ್ಕ ಪಾಯಿಂಟ್ ಇಲ್ಲಪಾ ತಮ್ಮಾ.”

ಎಲ್ಲರೂ ನಕ್ಕರು. ಹುಡುಗನೂ ಸ್ವಲ್ಪ ನಕ್ಕ. “ಹಾಳಿ ಬರದೀವ್ರಿ. ಅವರ ಕ್ಯಾಪ್ಟನ್ನೇ ಟಪಾಲಿಗೆ ಹಾಕ್ಯಾನ.”

ಕಾರ್ಯದರ್ಶಿಗಳು ಮುಂದಿದ್ದ ಫೈಲು ತಿರುವಿದರು. “ನಮಗ ಬಂದಿಲ್ಲ.”

ನಾನು ಅವರ ಹಿಂದೆಯೇ ರಿಜಿಸ್ಟರ್ ಹಿಡಿದು ನಿಂತಿದ್ದೆ. ಆ ಹಾಳಿ ಇದ್ದ ಕಟ್ಟು ಒಳಗಿನ ಕಪಾಟಿನಲ್ಲಿತ್ತು. ಊಟ ಮಾಡಿ ಬಂದು ಫೈಸಲ್ ಮಾಡೋಣ ಎಂದು ಎಲ್ಲರೂ ಎದ್ದರು.

ದಫ್ತರದ ಕಟ್ಟೆಯ ಮೇಲೆ ಕೂತು ಆ ಹುಡುಗ ಬುತ್ತಿ ಬಿಚ್ಚಿದ. ರೊಟ್ಟಿ, ಶೇಂಗಾ ಹಿಂಡಿ. ನಾನು ನೀರಿನ ತಂಬಿಗೆ ತಂದು ಇಟ್ಟೆ.

“ಕುಂದರ್ರಿ ಅಕ್ಕಾರ,” ಎಂದ. “ನಿಮ್ಮೂರು ಜಾಲಹಳ್ಳಿ ಅಂತಲ್ಲ?”

“ಹೌದಪಾ.”

“ನಮ್ಮ ಗೋಲ್‌ಕೀಪರ್ ಅಲ್ಲಿಯವನ. ಊರ ಸುದ್ದಿ ಎಲ್ಲಾ ಬಾಯಾಗಿಂದ ಬಿಡ್ತಾನ. ಬಾಲ್ ಬಿಡಲ್ಲ, ಅದೇ ಪುಣ್ಯ.” ಒಂದು ತುತ್ತು ನುಂಗಿ ಮತ್ತೆ ಹೇಳಿದ, “ಭರ್ತಿಗೆ ನಂದು ಇನ್ನೊಂದ ವರ್ಷ ಅದ್ರಿ, ಆಮ್ಯಾಲ ವಯಸ್ಸು ಮೀರತದ. ಈ ಸರ್ತಿ ಹತ್ತಿದ್ರ ಆಯ್ಕಿಗೆ ಕರೀತಿದ್ರು. ಹೋಗ್ಲಿ ಬಿಡ್ರಿ. ಹಾಳಿ ಟಪಾಲದಾಗ ಎಲ್ಲೋ ಹೋಗಿರಬೇಕು. ಮಳಿಗಾಲ, ಅವರರ ಏನು ಮಾಡ್ಯಾರು?”

ಮಾಡದ ತಪ್ಪಿಗೆ ಅವನು ಟಪಾಲಿನವರನ್ನು ಕ್ಷಮಿಸುತ್ತಿದ್ದ. ಮಾಡಿದವಳು ಅವನ ಪಕ್ಕದಲ್ಲಿ ತಂಬಿಗೆ ಹಿಡಿದು ಕೂತಿದ್ದೆ. ಒಳಗೆ ಹೋಗಿ ಕಪಾಟು ತೆಗೆದು ಆ ಕಟ್ಟು ಬಿಚ್ಚಿದೆ. ಹಾಳಿಯ ಜೊತೆಗೆ ಆ ವರ್ಷ ಮಾನ್ವಿಯವರು ಆಡಿದ ಉಳಿದ ನಾಲ್ಕು ಆಟಗಳ ಹಾಳಿಗಳನ್ನೂ ತೆಗೆದುಕೊಂಡೆ. ಸಹಿ ಯಾರದು ಎಂಬ ಪ್ರಶ್ನೆ ಮೊದಲು ಬರುತ್ತದೆ ಎಂದು ಗೊತ್ತಿತ್ತು.

ಮಂದಿ ಮತ್ತೆ ಕೂತಾಗ ನಾನು ಮೇಜಿನ ಹತ್ತಿರ ಹೋದೆ. “ಹಾಳಿ ಬಂದಿತ್ತು ರೀ. ನನ್ನ ಹತ್ರ ಅದ.”

ಕಾರ್ಯದರ್ಶಿಗಳು ಹಾಳಿ ಓದಿ ಅಧ್ಯಕ್ಷರಿಗೆ ಕೊಟ್ಟರು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಯಾವಾಗ ಬಂತವಾ ಇದು?”

“ಆಟ ಆಗಿ ಎಂಟು ದಿನಕ್ಕ.”

“ಮತ್ತ ಇಷ್ಟು ದಿನ ಯಾಕ ಇಟಗೊಂಡಿದ್ದಿ?”

“ಅಂಜಿ ಇಟಗೊಂಡಿದ್ದೆ ರೀ.”

ಮಾನ್ವಿಯ ಮ್ಯಾನೇಜರು ಕುರ್ಚಿ ಹಿಂದೆ ಸರಿಸಿದರು. “ಅಂಜಿದ್ದಲ್ರಿ ಇದು. ಈಕಿ ಜಾಲಹಳ್ಳಿಯಾಕಿ. ಊಟದ ಹೊತ್ತಿನಾಗ ಕಟ್ಟಿ ಮ್ಯಾಲ ಕುಂತು ಇಬ್ರೂ ಮಾತಾಡಿದ್ದು ನಾ ನೋಡೀನಿ. ಉಂಡು ಎದ್ದಮ್ಯಾಲ ಹಾಳಿ ಹುಟ್ಟಿತು.”

ನಾನು ಅಂಜಿದ ಮಾತೇ ಅದು. ಬಂದ ಮೇಲೆ ಮಾತ್ರ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಹಾಳಿ ಬಂದಿದ್ದ ಲಕೋಟೆಯನ್ನು ಮೇಜಿನ ಮೇಲಿಟ್ಟೆ. ಅದರ ಮೇಲೆ ಮಾನ್ವಿಯ ಟಪಾಲಿನ ಮೊಹರು, ತಾರೀಖಿನ ಸಮೇತ ಇತ್ತು. ಪಕ್ಕದಲ್ಲಿ ಹಳೆಯ ನಾಲ್ಕು ಹಾಳಿಗಳನ್ನು ಸಾಲಾಗಿ ಹರವಿದೆ. ಐದರಲ್ಲೂ ಮಾನ್ವಿಯ ಕ್ಯಾಪ್ಟನ್ನನ ಸಹಿ ಒಂದೇ, ಕೊನೆಯ ಅಕ್ಷರದ ಬಾಲ ಕಾಗದದ ಅಂಚಿನವರೆಗೆ. ರೆಫರಿ ಮೊಹರನ್ನು ಬೆಳಕಿಗೆ ಹಿಡಿದು, “ಮೊಹರು ನಮ್ಮ ಇಲಾಖೆದ್ದ. ತಾರೀಖು ಬರೋಬ್ಬರಿ ಅದ,” ಎಂದರು.

ಮ್ಯಾನೇಜರು ಐದು ಸಹಿಯನ್ನೂ ನೋಡಿದರು. “ಸಹಿ ನಮ್ಮ ಹುಡುಗಂದ. ಬುದ್ಧಿ ಮಾತ್ರ ಯಾರದೋ ಏನೋ,” ಎಂದು ಕೂತರು.

ಹಾಗೆಂದು ದೇವದುರ್ಗಕ್ಕೆ ಪಾಯಿಂಟ್ ಸಿಕ್ಕಿಬಿಡಲಿಲ್ಲ. ಈ ಹಾಳಿಗೂ ಸಹಿ ಮಾಡುತ್ತೀರಾ ಎಂದು ಕಾರ್ಯದರ್ಶಿಗಳು ರೆಫರಿಯನ್ನು ಕೇಳಿದರು. ಅವರು ತಲೆ ಅಲ್ಲಾಡಿಸಿದರು. “ನಾ ನೋಡದ ಆಟಕ್ಕ ನಾ ಸಹಿ ಮಾಡಂಗಿಲ್ಲರಿ. ಆದ್ರ ಇನ್ನೊಂದು ಹೇಳ್ತೀನಿ. ಮಂದಿ ಹಳ್ಳದ ಆಚಿ ನಿಂತಾರಂತ ನಂಗ ಗೊತ್ತಿದ್ರ ಆ ಸೀಟೀನೂ ಊದ್ತಿದ್ದಿಲ್ಲ.”

ಒಂದು ಹಾಳಿಗೆ ರೆಫರಿಯ ಸಹಿ ಇದೆ, ಆಟವಿಲ್ಲ. ಇನ್ನೊಂದಕ್ಕೆ ಆಟವಿದೆ, ರೆಫರಿಯ ಸಹಿ ಇಲ್ಲ. ಕಾರ್ಯದರ್ಶಿಗಳು ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟು, ಆ ಆಟವನ್ನು ರಾಯಚೂರಿನ ಮೈದಾನದಲ್ಲಿ ಮತ್ತೊಮ್ಮೆ ಆಡಿಸೋಣ ಎಂದರು. ರಿಜಿಸ್ಟರಿನಲ್ಲಿ ಮಾನ್ವಿಯ ಎರಡು ಪಾಯಿಂಟ್ ಹೊಡೆದು ಹಾಕಲು ನನಗೆ ಹೇಳಿದರು. ದೇವದುರ್ಗ ಏಳು, ಮಾನ್ವಿ ಆರು. ಸಮವಾದರೂ ದೇವದುರ್ಗ ಮೇಲೆ. ಮಾನ್ವಿ ಹತ್ತಬೇಕಾದರೆ ಗೆಲ್ಲಲೇಬೇಕು. ಇದನ್ನು ಆಟಕ್ಕೆ ಮೊದಲೇ ಬರೆದು ಇಬ್ಬರಿಂದಲೂ ಸಹಿ ಪಡೆದರು.

ಅಧ್ಯಕ್ಷರ ಮುಖ ಇನ್ನೂ ಗಂಟಾಗಿತ್ತು. “ಒಬ್ಬರು ಹತ್ತಿದ್ರ ಒಬ್ಬರು ಇಳೀಬೇಕು. ನಮ್ಮ ಗಿರಣಿ ಹುಡುಗರದೂ ಒಂದು ಆಟ ನೀರಾಗ ಹೋಗ್ಯಾದ. ಅವರು ಯಾಕ ಇಳೀಬೇಕು?”

ಅದೂ ನ್ಯಾಯದ ಮಾತೇ. ಆ ಆಟ ಗೆದ್ದಿದ್ದರೆ ಅವರು ಕೊನೆಯಿಂದ ಮೇಲೆ ಬರುತ್ತಿದ್ದರು. ಈಗ ಆಡಿಸೋಣವೆಂದರೆ ಎದುರಿನ ತಂಡ ಸುಗ್ಗಿಗೆಂದು ಚದುರಿ ಹೋಗಿತ್ತು. ಹಾಗಾದರೆ ಮುಂದಿನ ವರ್ಷ ಮೊದಲ ದರ್ಜೆಯಲ್ಲಿ ಏಳು ತಂಡ ಇರಲಿ ಎಂದು ಸದಸ್ಯರೊಬ್ಬರು ಅಂದರು. ಕಾರ್ಯದರ್ಶಿಗಳು ಕೈ ಆಡಿಸಿದರು. “ಆರಕ್ಕ ವಾರಕ್ಕ ಮೂರು ಆಟ ಸರಿ ಕೂಡತಾವ. ಏಳಕ್ಕ ಪಟ್ಟಿ ಹಾಕೋದು ಹ್ಯಾಂಗ? ಒಬ್ಬರ ಎರಡು ಆಟ ಒಂದೇ ದಿನ ಬರ್ತಾವ, ಇನ್ನೊಬ್ಬರು ತಿಂಗಳಗಟ್ಟಲೆ ಖಾಲಿ ಕೂಡ್ತಾರ.”

ಒಮ್ಮೆ ಬಾಯಿ ಬಿಟ್ಟವಳಿಗೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. “ಬರ್ತದ ರೀ,” ಎಂದೆ.

ಆಟದ ಪಟ್ಟಿ ಹಾಕುತ್ತಿದ್ದವಳು ನಾನೇ. ಅದಕ್ಕೆ ಹುಣಸೆ ಬೀಜ ಬಳಸುತ್ತಿದ್ದೆ. ಕಾಗದದ ಮೇಲೆ ಎಣಿಸಿದರೆ ನನಗೆ ತಲೆ ತಿರುಗುತ್ತಿತ್ತು. ಮೇಜಿನ ಖಾನೆಯಿಂದ ಬೀಜ ತಂದೆ, ಒಂದೊಂದರ ಮೇಲೂ ಸುಣ್ಣದಲ್ಲಿ ಗುರುತಿತ್ತು. ಏಳು ಬೀಜ, ಎಂಟನೆಯದಾಗಿ ಒಂದು ಹರಳುಕಲ್ಲು. ನಾಲ್ಕು ಮೇಲೆ, ನಾಲ್ಕು ಕೆಳಗೆ, ಎದುರುಬದುರು. ಎದುರಿಗೆ ಬಂದವರು ಆ ವಾರ ಆಡಬೇಕು. ಕಲ್ಲಿನ ಎದುರು ಬಂದವರಿಗೆ ಬಿಡುವು. ಮುಂದಿನ ವಾರ ಕಲ್ಲು ಅಲ್ಲೇ ಇರಬೇಕು, ಬೀಜಗಳೆಲ್ಲ ಗಾಣದ ಎತ್ತಿನ ಹಾಗೆ ಒಂದೊಂದು ಮನೆ ಸುತ್ತಬೇಕು. ಮೇಜಿನ ಮೇಲೆ ಏಳು ಸಲ ಸುತ್ತಿಸಿ ತೋರಿಸಿದೆ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ, ಎಲ್ಲರಿಗೂ ಒಂದೊಂದು ವಾರ ಬಿಡುವು.

ಅಧ್ಯಕ್ಷರು ಬಗ್ಗಿ ನೋಡುತ್ತಿದ್ದರು. “ನಮ್ಮ ಗಿರಣಿ ಬೀಜ ಯಾವುದವಾ?”

“ಇದು ರೀ. ಸ್ವಲ್ಪ ಹುಳ ಹಿಡದದ.”

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅವರು ದೊಡ್ಡದಾಗಿ ನಕ್ಕರು. “ಖರೇನ ಹೇಳಿದಿ. ಹುಳ ಹಿಡದಿದ್ದಕ್ಕ ಕಡೀಗೆ ಕುಂತಾರ. ಆಗ್ಲಿ, ಏಳು ಇರ್ಲಿ.”

ಕಾಗದ ತಡೆಹಿಡಿದ ತಪ್ಪಿಗೆ ಕಾರ್ಯದರ್ಶಿಗಳು ನನ್ನಿಂದ ಲಿಖಿತ ಜವಾಬು ಪಡೆದರು. ಕೆಲಸ ಹೋದೀತೆಂದು ವಾರವಿಡೀ ಕಾದೆ. ಅವರು ಜವಾಬಿನ ಕೆಳಗೆ ‘ಇನ್ನು ಮುಂದೆ ಬಂದ ದಿನವೇ ತೋರಿಸತಕ್ಕದ್ದು’ ಎಂದಷ್ಟೇ ಬರೆದು ಫೈಲಿಗೆ ಹಾಕಿದರು. ಅದರ ಜೊತೆಗೆ ಇನ್ನೊಂದು ಅಪ್ಪಣೆ ಮಾಡಿದರು: ರಾಯಚೂರಿನ ಆಟದ ಹಾಳಿಯನ್ನು ಮೈದಾನದಲ್ಲೇ ಕೂತು ನಾನೇ ಬರೆಯಬೇಕು, ಮೂರೂ ಸಹಿ ಅಲ್ಲೇ ಹಾಕಿಸಿಕೊಳ್ಳಬೇಕು.

ಹಿಂಗಾರಿ ಜೋಳ ಹಾಲುಗಾಳಾಗುವ ಹೊತ್ತಿಗೆ ಆಟ ನಡೆಯಿತು. ಗೆರೆಯ ಪಕ್ಕ ನನಗೊಂದು ಮೇಜು ಹಾಕಿದ್ದರು. ಸೆರಗು ಹೊದ್ದು, ತಲೆ ತಗ್ಗಿಸಿ ಕೂತೆ. ಆದರೆ ತಲೆ ತಗ್ಗಿಸಿದರೆ ಗೋಲು ಕಾಣುವುದಿಲ್ಲ. ಮೊದಲ ಅರ್ಧದಲ್ಲೇ ಮಾನ್ವಿಯ ಕ್ಯಾಪ್ಟನ್ ಗೋಲು ಹೊಡೆದ. ಹೊತ್ತು ನೋಡಿ ಬರೆದೆ. ಎರಡನೆಯ ಅರ್ಧ ಪೂರ್ತಿ ದೇವದುರ್ಗದವರು ಆ ಕಡೆಯ ಗೋಲಿನ ಮುಂದೆಯೇ ಇದ್ದರು. ಚೆಂಡು ಕಂಬಕ್ಕೆ ಬಡಿಯಿತು, ಕೀಪರನ ಮೊಣಕಾಲಿಗೆ ಬಡಿಯಿತು, ಒಳಗೆ ಮಾತ್ರ ಹೋಗಲಿಲ್ಲ. ನನ್ನ ಹಿಂದೆ ನಿಂತ ಮಾನ್ವಿಯ ಮ್ಯಾನೇಜರು ಗಡಿಯಾರವನ್ನೇ ನೋಡುತ್ತಿದ್ದರು. ಇನ್ನು ನಾಲ್ಕು ನಿಮಿಷ ಇರುವಾಗ ಮೂಲೆಯಿಂದ ಬಂದ ಚೆಂಡಿಗೆ ದೇವದುರ್ಗದ ಕ್ಯಾಪ್ಟನ್ ತಲೆ ಕೊಟ್ಟ. ಜನ ಕೂಗಿದ್ದು ಕೇಳಿದ ಮೇಲೆಯೇ ಅದು ಒಳಗೆ ಹೋಯಿತೆಂದು ನನಗೆ ತಿಳಿದದ್ದು. ಒಂದಕ್ಕೆ ಒಂದು. ಸೀಟಿ ಆಯಿತು.

ಸಹಿ ಮಾಡಲು ಮೊದಲು ಬಂದವನು ಮಾನ್ವಿಯ ಕ್ಯಾಪ್ಟನ್. ಬಾಲ ಎಳೆದು ಸಹಿ ಹಾಕಿದ. “ನೀ ಆ ಹಾಳಿ ಕಳಸಲಿಲ್ಲಂದ್ರ ನಾವು ಇವತ್ತ ಮ್ಯಾಲ ಇರ್ತಿದ್ವಿ,” ಎಂದರು ಮ್ಯಾನೇಜರು.

“ಸೋತಿದ್ವಲ್ರಿ ಕಾಕಾ,” ಎಂದ ಅವನು. “ಮುಂದಿನ ವರ್ಷ ಗೆದ್ದು ಹೋಗೋಣು.”

ಮ್ಯಾನೇಜರು ನನ್ನ ಕಡೆ ತಿರುಗಿದರು. “ಮುಂದಿನ ವರ್ಷ ನಮ್ಮೂರ ಆಟ ಹಳ್ಳ ತುಂಬದ ತಿಂಗಳದಾಗ ಹಾಕವಾ. ಆ ಬೀಜಕ್ಕ ಹೇಳಿಬಿಡು.” ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಅಂದರು.

ಮರುವಾರ ದೇವದುರ್ಗದ ಕ್ಯಾಪ್ಟನ್ ದಫ್ತರಕ್ಕೆ ಬಂದ. ಮೊದಲ ದರ್ಜೆಯ ತಂಡವೆಂದು ಅವರ ಹುಡುಗರ ಹೆಸರುಗಳನ್ನು ಆಯ್ಕೆಯ ಪಟ್ಟಿಗೆ ಬರೆಯಬೇಕಿತ್ತು. ಅವನು ಒಂದೊಂದೇ ಹೆಸರು ಹೇಳಿದ, ನಾನು ಬರೆದೆ. ಕೊನೆಗೆ ತನ್ನ ಹೆಸರು ಬಂದಾಗ ಪಟ್ಟಿಯ ಕಡೆ ಬಗ್ಗಿ ನೋಡಿದ.

“ಅಕ್ಕಾರ, ಹೆಸರಿನ ಮುಂದ ನಮ್ಮಪ್ಪನ ಹೆಸರೂ ಹಾಕಬಹುದೇನ್ರಿ? ಹೆಬ್ಬಟ್ಟು ಒತ್ತೋ ಕಾಗದ ಬಿಟ್ರ ಅವನ ಹೆಸರು ಎಲ್ಲೂ ಬಂದಿಲ್ಲ.”

ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕಾರ್ಯದರ್ಶಿಗಳನ್ನು ಕೇಳಲು ಒಳಗೆ ಹೋದೆ. ಕೇಳಿದೆ. ಅವರು ತಲೆ ಎತ್ತದೆಯೇ, “ಬರಿ,” ಎಂದರು. “ಹಾಕೋದಾದ್ರ ಎಲ್ಲಾರದೂ ಹಾಕು.”

ಹೊಸ ಕಾಗದ ತೆಗೆದು ಗೆರೆ ಹಾಕಿ ಮೊದಲಿನಿಂದ ಶುರುಮಾಡಿದೆ. ಆ ದಿನ ಹದಿನಾಲ್ಕು ಹೆಸರು ಬರೆಯಬೇಕಿತ್ತು. ಇಪ್ಪತ್ತೆಂಟು ಬರೆದೆ.